ಹಾರದ ಝಾರ್ಕೋ

“ಹಾರಸ ಶೈಲಾ, ತೋಳ ಬಂತು.”

“ಒತ್ತಾಕತ್ತೇನಿ. ಅಂವ ಹಾರವಲ್ಲ.”

“ಗಟ್ಟಿ ಒತ್ತಲೇ.”

“ಇನ್ನೆಷ್ಟ ಗಟ್ಟಿ ಒತ್ತಲಿ? ಕೀಬೋರ್ಡ್ ಮುರದ ಕೈಗೆ ಬರ್ತತಿ ಈಗ.”

ತೋಳಕ್ಕೆ ಅಷ್ಟು ಹೊತ್ತು ಕಾಯುವ ತಾಳ್ಮೆ ಎಲ್ಲಿಯದು? ಅದು ಬಂತು, ಝಾರ್ಕೋನ ಕಾಲು ಹಿಡಿಯಿತು, ಅವನು ಅಂಗಾತ ಬಿದ್ದ. ಪರದೆ ಕಪ್ಪಾಯಿತು. ಮತ್ತೆ ಆಡುವಿರಾ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಇದು ಆರನೇ ಸಲ.

ನಿಲೋಫರ್ ಮತ್ತು ಶೈಲಾ ಮುಖ ಮುಖ ನೋಡಿಕೊಂಡರು.

ಅವರಿಬ್ಬರೂ ಐದನೇ ಕ್ಲಾಸು, ಒಂದೇ ಬೆಂಚು. ನಿಲೋಫರಳ ಮನೆ ಕಲಘಟಗಿಯಲ್ಲೇ ಇದೆ. ಶೈಲಾ ದುಮ್ಮವಾಡದಿಂದ ಬಸ್ಸಿನಲ್ಲಿ ಬರುವವಳು. ಶಾಲೆ ಬಿಡುವುದು ನಾಲ್ಕೂವರೆಗೆ, ಶೈಲಾಳ ಬಸ್ಸು ಬರುವುದು ಐದೂಕಾಲಿಗೆ. ನಡುವಿನ ಮುಕ್ಕಾಲು ಗಂಟೆ ಇಬ್ಬರೂ ಬಸ್ ಸ್ಟ್ಯಾಂಡಿನ ಎದುರಿಗಿರುವ ಅಕೀಲನ ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾರೆ. ಅಕೀಲ್ ನಿಲೋಫರಳ ಚಾಚಾ, ಅಂದರೆ ಅಪ್ಪನ ತಮ್ಮ. ಆ ಹೊತ್ತಿನಲ್ಲಿ ಗಿರಾಕಿ ಕಡಿಮೆ. ಮೂಲೆಯ ಕಂಪ್ಯೂಟರ್ ಹುಡುಗಿಯರದು.

ಆ ಕಂಪ್ಯೂಟರಿನಲ್ಲಿ ಝಾರ್ಕೋ ಇದ್ದ. ಇದ್ದ ಅಂದರೆ ಹೇಗೆ? ಎರಡು ಕತ್ತಿ, ಕೊರಳಿಗೆ ಕೆಂಪು ವಸ್ತ್ರ, ಒಂದು ಮಾಳಿಗೆಯಿಂದ ಇನ್ನೊಂದು ಮಾಳಿಗೆಗೆ ಹಾರುವುದೇ ಅವನ ಕೆಲಸ. ಅಕೀಲ್ ಚಾಚಾ ಪಿಯುಸಿ ಓದುವಾಗ ಮೊದಲನೇ ಪಾರ್ಟ್ ಬಂದಿತ್ತಂತೆ. ಆಮೇಲೆ ಎರಡು, ಮೂರು, ಹೀಗೆ ಆರರವರೆಗೂ ಬಂತು. ಪ್ರತಿ ಪಾರ್ಟಿನಲ್ಲೂ ಊರು ಬೇರೆ, ರಾಕ್ಷಸ ಬೇರೆ, ಹಾರುವುದು ಮಾತ್ರ ಅದೇ. ಇಪ್ಪತ್ತು ವರ್ಷ ಆ ಮನುಷ್ಯ ಒಂದು ಕಡೆ ಸುಮ್ಮನೆ ನಿಂತಿದ್ದನ್ನು ಯಾರೂ ನೋಡಿರಲಿಲ್ಲ.

ಮೂರನೇ ಕ್ಲಾಸಿನಲ್ಲಿದ್ದಾಗ ಮೊದಲ ದಿನವೇ ಹುಡುಗಿಯರು ಕುರ್ಚಿಗಾಗಿ ಜಗಳ ಆಡಿದ್ದರು. ಆಗ ಚಾಚಾ ಒಂದು ದಾರಿ ಹೇಳಿದ. “ಒಬ್ಬಾಕಿ ನಡಸ್ರಿ, ಒಬ್ಬಾಕಿ ಹಾರಸ್ರಿ. ಜಗಳಾಡಿದ್ರ ಮಶೀನ್ ಬಂದ್.” ಅಂದಿನಿಂದ ಝಾರ್ಕೋನನ್ನು ನಡೆಸುವುದು, ಕತ್ತಿ ಬೀಸಿಸುವುದು ನಿಲೋಫರಳ ಪಾಲು. ಹಾರಿಸುವುದು, ಬೆಂಕಿಚಕ್ರ ಎಸೆಯಿಸುವುದು ಶೈಲಾಳ ಪಾಲು. ಹೀಗೆ ಇಬ್ಬರೂ ಸೇರಿ ಒಬ್ಬ ಝಾರ್ಕೋ ಆಗಿ ಆರು ಪಾರ್ಟ್ ಮುಗಿಸಿದ್ದರು. ಶೈಲಾಳ ಹೆಬ್ಬೆರಳು ಸ್ಪೇಸ್ ಗುಂಡಿಯ ಮೇಲೆ ಕೂತರೆ ಒಂದು ಹಾರಿಕೆಯೂ ತಪ್ಪುತ್ತಿರಲಿಲ್ಲ. ಲೋಕದಲ್ಲಿ ಎಲ್ಲರೂ ಈ ಆಟವನ್ನು ಹೀಗೇ ಇಬ್ಬಿಬ್ಬರು ಕೂತು ಆಡುತ್ತಾರೆ ಎಂದು ಅವರು ತಿಳಿದಿದ್ದರು.

ಈಗ ಏಳನೇ ಪಾರ್ಟ್ ಬಂದಿತ್ತು. ಚಾಚಾನ ಅಂಗಡಿಯ ನೆಟ್ಟಿನಲ್ಲಿ ಅದು ಡೌನ್‌ಲೋಡ್ ಆಗಲು ನಾಲ್ಕು ದಿನ ಹಿಡಿದಿತ್ತು. ಆಗಿದ್ದೇ ತಡ, ಹೀಗೆ ಆರು ಸಲ ತೋಳದ ಬಾಯಿಗೆ ಬಿದ್ದಿದ್ದರು.

“ಚಾಚಾ, ಸ್ಪೇಸ್ ಗುಂಡಿ ಕೆಟ್ಟೈತಿ,” ನಿಲೋಫರ್ ಕರೆದಳು.

ಅಕೀಲ್ ಯಾರದೋ ಮಾರ್ಕ್ಸ್ ಕಾರ್ಡ್ ಲ್ಯಾಮಿನೇಶನ್ ಮಾಡುತ್ತಿದ್ದವನು ಎದ್ದು ಬಂದ. ಕೀಬೋರ್ಡನ್ನು ತಲೆಕೆಳಗು ಮಾಡಿ ಝಾಡಿಸಿದ. ಬಿಸ್ಕೀಟಿನ ಪುಡಿ, ಒಂದು ಸ್ಟೇಪ್ಲರ್ ಪಿನ್ನು, ಬಾಚಣಿಕೆಯ ಒಂದು ಹಲ್ಲು ಬಿದ್ದವು. ಸ್ಪೇಸ್ ಗುಂಡಿಯನ್ನು ಕಿತ್ತು ಬ್ರಶ್ಶಿನಿಂದ ತಿಕ್ಕಿದ, ಉಫ್ ಎಂದು ಊದಿದ, ಮತ್ತೆ ಕೂಡಿಸಿದ. ಆಟ ಶುರು ಮಾಡಿದ. ತೋಳ ಬಂತು. ಝಾರ್ಕೋ ಹಾರಲಿಲ್ಲ. ಏಳನೇ ಸಲ ಸತ್ತ.

ಚಾಚಾ ಬೇರೆ ಪುಟ ತೆಗೆದು ತನ್ನ ಹೆಸರು ಟೈಪ್ ಮಾಡಿ ನೋಡಿದ. “ಗುಂಡಿ ಬರೋಬ್ಬರಿ ಐತಲ್ಲ,” ಎಂದ. ಆಮೇಲೆ ಆಟದೊಳಗೆ ಹೋಗಿ ಯಾವ ಗುಂಡಿಗೆ ಯಾವ ಕೆಲಸ ಎಂಬ ಪಟ್ಟಿಯನ್ನು ಬೆರಳಿಟ್ಟು ಓದಿದ. ಕೊನೆಗೆ ಸ್ಟೂಲಿನ ಮೇಲೆ ಕೂತುಬಿಟ್ಟ.

“ಹಾರೂದ ತಗದಾರವಾ.”

“ಯಾರು?”

“ಮಾಡಿದವರು. ಈ ಪಾರ್ಟಿನ್ಯಾಗ ಜಂಪ್ ಇಲ್ಲ. ಬೆಂಕಿಚಕ್ರಾನೂ ಇಲ್ಲ. ಎಲ್ಲಾ ಹೊಸಾದ ಮಾಡ್ಯಾರ.”

“ಯಾಕ್ರಿ ಕಾಕಾ?” ಶೈಲಾ ಕೇಳಿದಳು. ಅವಳ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

“ಆರ ಪಾರ್ಟ್ ಹಾರಿದ್ದ ಆತು, ಇನ್ನ ನಡೀಲಿ ಅಂದಿರಬೇಕು,” ಎಂದ ಚಾಚಾ. ಅವನ ಮುಖ ನೋಡಿದರೆ ಆ ಮಾತು ಅವನಿಗೇ ರುಚಿಸಿದಂತೆ ಕಾಣಲಿಲ್ಲ. ಆದರೆ ಬಯ್ಯಲೂ ಅವನಿಗೆ ಬಾಯಿಲ್ಲ. ಅವನ ಅಂಗಡಿ ಮೊದಲು ಸಿ.ಡಿ. ಅಂಗಡಿಯಾಗಿತ್ತು, ಆಮೇಲೆ ಮೊಬೈಲ್ ರಿಪೇರಿ, ಆಮೇಲೆ ಝೆರಾಕ್ಸ್. ನಡುವೆ ಒಂದು ಬೇಸಿಗೆ ಜ್ಯೂಸ್ ಮಶೀನೂ ತಂದಿಟ್ಟಿದ್ದ. ಅದು ಸೋರಿ ಯಾರದೋ ಜಾತಿ ಪ್ರಮಾಣಪತ್ರ ಕಬ್ಬಿನ ಹಾಲಿನಲ್ಲಿ ಮಿಂದಿತ್ತು.

ಅಷ್ಟರಲ್ಲಿ ಹೈಸ್ಕೂಲಿನ ಶಾಕೀರ್ ಝೆರಾಕ್ಸಿಗೆ ಬಂದವನು ಪರದೆ ಇಣುಕಿ ನೋಡಿದ. “ಸೆವೆನ್ ಬಂತಾ? ಬಾಜು ಸರೀರಿ, ನೋಡೂಣು. ಇಬ್ಬರೂ ಯಾಕ ಕೈ ಹಾಕೀರಿ?”

“ಇಬ್ಬರು ಆಡಬೇಕಲ್ಲ,” ಎಂದಳು ಶೈಲಾ.

ಶಾಕೀರ್ ನಕ್ಕ. ಕೆಟ್ಟ ನಗೆಯೇನಲ್ಲ, ನಿಜವಾಗಿಯೂ ನಗು ಬಂದು ನಕ್ಕಿದ್ದು. “ಇದು ಒಬ್ಬರ ಆಟ. ಮೊದಲಿಂದನೂ ಒಬ್ಬರದ. ಎರಡ ಕೈ ಅದಾವಲ್ಲ ಮನಷ್ಯಾಗ? ಈಗಂತೂ ಮೌಸ್ ಬ್ಯಾರೆ ಬೇಕು. ಎಡಗೈಲೆ ನಡಸೂದು, ಬಲಗೈಲೆ ಮೌಸ್. ಮೌಸ್ ತಿರುಗಿಸಿದ್ರ ಅಂವ ಆಕಡೆ ನೋಡ್ತಾನ, ಕ್ಲಿಕ್ ಮಾಡಿದ್ರ ಕತ್ತಿ.”

ನಿಲೋಫರ್ ಹಾಗೇ ಮಾಡಿ ನೋಡಿದಳು. ಎಡಗೈ ಗುಂಡಿಗಳ ಮೇಲೆ, ಬಲಗೈ ಮೌಸಿನ ಮೇಲೆ. ಝಾರ್ಕೋ ತಿರುಗಿದ, ತೋಳವನ್ನು ನೋಡಿದ, ಕತ್ತಿ ಬೀಸಿದ. ತೋಳ ಕುಂಯ್ ಎಂದು ಓಡಿತು.

“ಆತ ನೋಡ ಶೈಲಾ,” ಎಂದಳು ನಿಲೋಫರ್.

“ಹೂಂ,” ಎಂದಳು ಶೈಲಾ. ಮೆಲ್ಲಗೆ ಕೈ ಹಿಂದೆ ತೆಗೆದುಕೊಂಡಳು.

ಹಳೆಯ ಆಟಕ್ಕೆ ವಾಪಸ್ ಹೋಗೋಣ ಅಂದರೆ ಅದೂ ಇಲ್ಲ. ಹಳೇ ಕಂಪ್ಯೂಟರ್ ಹೋದ ತಿಂಗಳಷ್ಟೇ ಒಂದು ಸಲ ಹೊಗೆಯಾಡಿ ಕಣ್ಣು ಮುಚ್ಚಿತ್ತು. ಆರೂ ಪಾರ್ಟ್ ಅದರ ಹೊಟ್ಟೆಯೊಳಗೇ ಹೋದವು.

ಹೊಸ ಝಾರ್ಕೋ ಹೇಗಿದ್ದ ಅಂತ ಕೇಳಿದರೆ ಏನು ಹೇಳುವುದು? ಅವನ ಊರು ಸುಟ್ಟುಹೋಗಿತ್ತು. ಬೆನ್ನಿಗೆ ಒಂದು ಬೀಜದ ಚೀಲ ಕಟ್ಟಿಕೊಂಡು ಹೊಸ ಊರು ಹುಡುಕುತ್ತ ಹೋಗುತ್ತಿದ್ದ. ಎರಡು ಕತ್ತಿಯಲ್ಲಿ ಒಂದೇ ಉಳಿದಿತ್ತು. ಮಾತು ಮಾತ್ರ ಜಾಸ್ತಿಯಾಗಿತ್ತು. ದಾರಿಯಲ್ಲಿ ಮುದುಕಿ ಸಿಕ್ಕರೆ ನಿಂತು ಅವಳ ಕಷ್ಟಸುಖ ಕೇಳುತ್ತಿದ್ದ. ಸ್ವಲ್ಪ ಓಡಿದರೆ ದಮ್ಮು ಹತ್ತಿ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದ. “ಇಂವಗ ಶುಗರ್ ಇರಬೇಕು,” ಎಂದು ಅಕೀಲ್ ಚಾಚಾ ಬೇಸರದಿಂದ ಎದ್ದುಹೋದ.

ಆದರೂ ಒಂದು ಮಾತು ಒಪ್ಪಲೇಬೇಕು. ಹೊಳೆ ಅಂದರೆ ಹೊಳೆಯ ಹಾಗೇ ಇತ್ತು. ಮಂಜು ಬಿದ್ದರೆ ನಿಜವಾಗಿ ಚಳಿಯಾದಂತೆ ಅನಿಸುತ್ತಿತ್ತು. ನಿಲೋಫರಳಿಗೆ ಆಟ ಪೂರ್ತಿ ಹಿಡಿಸಲಿಲ್ಲ, ಬಿಡಲೂ ಆಗಲಿಲ್ಲ.

ಮರುದಿನ ಶೈಲಾ ಬಾಜೂ ಕುರ್ಚಿಯಲ್ಲಿ ಕೈ ಕಟ್ಟಿ ಕೂತಳು. ಅದರ ಮರುದಿನ ಪಾಟಿಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು.

“ನೀ ಆಡ್ತೀಯೇನ?” ನಿಲೋಫರ್ ಕೇಳಿದಳು. ಕೇಳುವಾಗ ಕೈ ಮೌಸಿನ ಮೇಲೇ ಇತ್ತು, ಕಣ್ಣು ಪರದೆಯ ಮೇಲೇ ಇತ್ತು.

ಶೈಲಾ ಆ ಕೈ ನೋಡಿದಳು. “ಬ್ಯಾಡ. ನೀನ ಆಡು.”

ಮೂರನೇ ದಿನ ಶೈಲಾ ಅಂಗಡಿಯ ಮೆಟ್ಟಿಲು ಹತ್ತಲೇ ಇಲ್ಲ. “ನಾ ಬಸ್ ಸ್ಟ್ಯಾಂಡಿನ್ಯಾಗ ಕುಂಡರ್ತೇನಿ. ಲಗೂ ಹೋದ್ರ ಸೀಟ್ ಸಿಗ್ತತಿ,” ಎಂದು ರಸ್ತೆ ದಾಟಿ ಹೋದಳು. ಐದೂಕಾಲಿನ ಬಸ್ಸಿಗೆ ನಾಲ್ಕೂ ನಲವತ್ತಕ್ಕೆ ಹೋಗಿ ಕೂತರೆ ಯಾವ ಸೀಟು ಸಿಗುತ್ತದೆ? ಬಸ್ಸೇ ಬಂದಿರುವುದಿಲ್ಲ. ನಿಲೋಫರಳಿಗೂ ಅದು ಗೊತ್ತಿತ್ತು. ಅಂಗಡಿಯ ಬಾಗಿಲಿನಿಂದ ನೋಡಿದರೆ ಶೈಲಾ ಕಲ್ಲು ಬೆಂಚಿನ ಮೇಲೆ ಒಬ್ಬಳೇ ಕೂತಿದ್ದು ಕಾಣುತ್ತಿತ್ತು. ಈ ಕಡೆ ಒಂದು ಸಲವೂ ತಿರುಗಲಿಲ್ಲ.

ಹೋದ್ರ ಹೋಗ್ಲಿ, ಅಂದುಕೊಂಡಳು ನಿಲೋಫರ್. ನಾ ಏನ್ ಮಾಡೇನಿ? ಜಂಪ್ ತಗದಾಕಿ ನಾನಾ?

ಅವಳಿಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲೇ ಆಡಿದಳು. ಝಾರ್ಕೋ ಒಂದು ಭತ್ತದ ಗದ್ದೆಯಂಥ ಜಾಗಕ್ಕೆ ಬಂದಿದ್ದ. ಎದೆಯೆತ್ತರ ಹುಲ್ಲು, ಕೆಳಗೆ ನೀರು. ಅದರೊಳಗೆ ಹೆಜ್ಜೆಯಿಟ್ಟರೆ ಸಾಕು, ಎಲ್ಲಿಂದಲೋ ತೋಳ ಹಾರಿ ಬಂದು ಮುಗಿಸುತ್ತಿತ್ತು. ಒಮ್ಮೆ ಎಡದಿಂದ, ಒಮ್ಮೆ ಹಿಂದಿನಿಂದ. ಎಡಗೈ ನಡೆಸುವುದರಲ್ಲಿ ಬಲಗೈ ತಿರುಗಿಸುವುದು ಮರೆಯುತ್ತಿತ್ತು, ಬಲಗೈ ತಿರುಗಿಸಿದರೆ ಎಡಗೈ ನಿಲ್ಲುತ್ತಿತ್ತು. ಎರಡು ವರ್ಷ ಅರ್ಧ ಝಾರ್ಕೋ ಆಗಿದ್ದವಳು ಒಂದೇ ವಾರದಲ್ಲಿ ಪೂರ್ತಿ ಆಗುವುದು ಹೇಗೆ?

ಬುಧವಾರ ಊಟದ ಬಿಡುವಿನಲ್ಲಿ ಶೈಲಾ ರೊಟ್ಟಿ ಮುರಿಯುತ್ತ ಹೇಳಿದಳು, “ಸೋಮವಾರದಿಂದ ನಾ ಟೆಂಪೋಕ್ಕ ಹೋಗ್ತೇನಿ.”

ದುಮ್ಮವಾಡದ ಹುಡುಗರನ್ನು ಶಾಲೆಯ ಗೇಟಿನಿಂದಲೇ ಹತ್ತಿಸಿಕೊಂಡು ಹೋಗುವ ಟೆಂಪೋ ಅದು. ನಾಲ್ಕೂವರೆಗೆ ಬೆಲ್ಲು, ನಾಲ್ಕೂ ಮೂವತ್ತೈದಕ್ಕೆ ಟೆಂಪೋ. ಜೂನ್‌ನಿಂದಲೇ ಶೈಲಾಳ ಅಪ್ಪ ಅದರಲ್ಲಿ ಬಾ ಎನ್ನುತ್ತಿದ್ದರು. ಬಸ್ಸೇ ಚಲೋ ಐತಿ ಎಂದು ಶೈಲಾ ಹಟ ಹಿಡಿದಿದ್ದಳು. ಬಸ್ಸಿನಲ್ಲಿ ಚಲೋ ಇರುವುದು ಏನೂ ಇರಲಿಲ್ಲ. ಚಲೋ ಇದ್ದದ್ದು ಆ ಮುಕ್ಕಾಲು ಗಂಟೆ.

“ದಿನಾನೂ?” ನಿಲೋಫರ್ ಕೇಳಿದಳು.

“ದಿನಾನೂ. ಒಂದ ಸೀಟ್ ಖಾಲಿ ಐತಂತ. ಅಪ್ಪ ಸೋಮವಾರ ಬೆಳಿಗ್ಗೆ ಡ್ರೈವರ್ ಕಾಕಾಗ ಹೇಳ್ತಾನ.”

ನಿಲೋಫರಳಿಗೆ ಬ್ಯಾಡ ಅನ್ನಬೇಕು ಅನಿಸಿತು. ಯಾಕ ಬ್ಯಾಡ ಎಂದು ಕೇಳಿದರೆ ಏನು ಹೇಳುವುದು? ಬಂದು ನನ್ನ ಆಟ ನೋಡು ಅನ್ನುವುದೇ? “ಟೆಂಪೋದಾಗ ಹಾಡ ಹಚ್ತಾರಂತ,” ಎಂದಳು. ಅದೊಂದೇ ನಾಲಿಗೆಗೆ ಬಂದದ್ದು.

“ಹೂಂ. ಹಚ್ತಾರಂತ,” ಎಂದಳು ಶೈಲಾ.

ಗುರುವಾರ ಸಂಜೆ ನಿಲೋಫರ್ ಅಂಗಡಿಗೆ ಹೋಗದೆ ನೇರ ಮನೆಗೆ ಬಂದಳು. ಹಿತ್ತಲಿನ ಛಪ್ಪರದ ಕೆಳಗೆ ಅಜ್ಜ ಫಕ್ರುಸಾಬ ತೊಟ್ಟಿಲ ಕಾಲು ಕಡೆಯುತ್ತಿದ್ದ. ಮೋಟಾರಿಗೆ ಸಿಕ್ಕಿಸಿದ ಕಟ್ಟಿಗೆ ಗರಗರ ತಿರುಗುತ್ತಿತ್ತು. ಎದುರಿಗೆ ಕೂತ ದಾದಿ, ಅಂದರೆ ಅಜ್ಜಿ ಮಲಿಕಾಬಿ, ತಿರುಗುವ ಕಟ್ಟಿಗೆಗೆ ಅರಗಿನ ಬಣ್ಣದ ಕಡ್ಡಿ ಒತ್ತಿ ಹಿಡಿದಿದ್ದಳು. ಬಿಸಿಗೆ ಅರಗು ಕರಗಿ ಕಟ್ಟಿಗೆಯ ಮೇಲೆ ಕೆಂಪು ಬಳೆ ತೊಡಿಸುತ್ತಿತ್ತು.

ನಿಲೋಫರ್ ಮುಖ ಇಳಿಬಿಟ್ಟು ಕೂತಿದ್ದನ್ನು ನೋಡಿ ಅಜ್ಜ ಮೋಟಾರ್ ನಿಲ್ಲಿಸಿದ. ಆಮೇಲೆ ದಾದಿ ಒಂದೊಂದೇ ಕೇಳಿದಳು, ನಿಲೋಫರ್ ಎಲ್ಲ ಹೇಳಿದಳು. ತೋಳ, ಜಂಪ್, ಶಾಕೀರ್, ಟೆಂಪೋ. ದಾದಿಗೆ ಅರ್ಧ ತಿಳಿಯಿತು. ಆದರೆ ತಿಳಿಯಬೇಕಾದ ಅರ್ಧವೇ ತಿಳಿಯಿತು.

“ಮೋಟಾರ್ ಬರೂಕಿಂತ ಮೊದಲ ಇದನ್ನ ತಿರುಗಸೂ ಹಗ್ಗಾ ನಾನ ಎಳೀತಿದ್ದೆ,” ಎಂದಳು. “ನಿಮ್ಮ ಅಜ್ಜ ಉಳಿ ಹಿಡೀತಿದ್ರು. ನಾ ಎಳದ್ರ ಇವರ ಕೆಲಸ, ಇಲ್ಲಂದ್ರ ಇಲ್ಲ. ಹನ್ನೆರಡ ವರ್ಷ ಎಳದೇನಿ.”

“ಮೋಟಾರ್ ಬಂದಾಗ ಬ್ಯಾಸರಾತಾ ದಾದಿ?”

“ಬ್ಯಾಸರಾ? ಖುಷಿ ಆತು. ಕೈಯಾಗ ಬೊಬ್ಬಿ ಎದ್ದಿರತಿದ್ದುವು, ಯಾರಿಗೆ ಬೇಕಾಗಿತ್ತು ಆ ಹಗ್ಗಾ?” ದಾದಿ ಕಡ್ಡಿಯ ತುದಿ ಒರೆಸಿದಳು. “ಒಂದ ವಾರ ಆರಾಮ ಇದ್ದೆ. ಆಮ್ಯಾಗ ನೋಡ್ತೇನಿ, ಇವರು ಮೋಟಾರ್ ಕೂಡನ ಇರ್ತಾರ. ಎಣ್ಣಿ ಹಾಕೂದು, ಒರಸೂದು, ಅದರ ಸದ್ದ ಕೇಳೂದು. ನಾ ಬಾಜು ಕುಂತಿದ್ರೂ ಗೊತ್ತಿಲ್ಲ. ಹಗ್ಗಾ ಹೋಗಿದ್ದ ಚಲೋ ಆತು. ಹಗ್ಗದ ಕೂಡ ನಾನೂ ಹೋದಂಗಾತಲ್ಲ, ಅದಕ್ಕ ಉರೀತು.”

“ಮತ್ತ ಏನ್ ಮಾಡಿದಿ?”

“ಏನ್ ಮಾಡ್ತೀನಿ? ಬಣ್ಣದ ಕಡ್ಡಿ ಇವರ ಕೈಯಾಗಿಂದ ಕಸಗೊಂಡೆ. ಇನ್ನ ಇದು ನಂದು ಅಂದೆ.”

“ಕಸಗೊಂಡಿಲ್ಲ. ನಾನ ಕೊಟ್ಟೆ,” ಎಂದ ಫಕ್ರುಸಾಬ.

“ಕೊಡೂ ಮಾರಿ ನೋಡ್ರಿ.”

“ಕೊಟ್ಟೆ ಅಂದ್ರ ಕೊಟ್ಟೆ.”

“ಮೂರ ದಿನ ಮಾತಾಡಿದ್ದಿಲ್ಲ ನನ್ನ ಕೂಡ. ಕೊಟ್ಟವರು ಹಂಗ ಮಾಡ್ತಾರೇನು?”

ಅಜ್ಜ ಮೋಟಾರ್ ಹಚ್ಚಿದ. ಗರಗರ ಸದ್ದಿನಲ್ಲಿ ದಾದಿಯ ಮುಂದಿನ ಮಾತು ಕೇಳಲಿಲ್ಲ. ಬಹುಶಃ ಅದಕ್ಕೇ ಹಚ್ಚಿದ್ದು.

ನಿಲೋಫರ್ ಮಾತ್ರ ಕೂತಲ್ಲೇ ಕೂತಿದ್ದಳು. ಶೈಲಾ ಕಸಿದುಕೊಳ್ಳುವವಳಲ್ಲ. ಕ್ಲಾಸಿನಲ್ಲಿ ಹೊಸ ಪುಸ್ತಕ ಹಂಚಿದರೆ ಎಲ್ಲರೂ ತೆಗೆದುಕೊಂಡ ಮೇಲೆ ಉಳಿದದ್ದನ್ನು ತೆಗೆದುಕೊಳ್ಳುತ್ತಾಳೆ, ಹಾಳೆ ಹರಿದಿದ್ದರೂ ಸುಮ್ಮನಿರುತ್ತಾಳೆ. ಅವಳು ಕಸಿದುಕೊಳ್ಳಲಿ ಎಂದು ಕಾಯುತ್ತ ಕೂತರೆ ಸೋಮವಾರ ಬಂದುಬಿಡುತ್ತದೆ.

ಕೊಡಬೇಕು. ಆದರೆ ಏನು ಕೊಡುವುದು? ನಡೆಸುವ ಗುಂಡಿ ಕೊಟ್ಟರೆ ಅದೇನು ದೊಡ್ಡದು? ಗುಂಡಿ ಒತ್ತಿದರೆ ನಡೆಯುತ್ತಾನೆ, ಅಷ್ಟೆ. ದೊಡ್ಡದೆಲ್ಲ ಮೌಸಿನಲ್ಲಿತ್ತು. ಎತ್ತ ನೋಡಬೇಕು ಎಂಬುದು ಅದರಲ್ಲಿ, ಕತ್ತಿಯೂ ಅದರಲ್ಲೇ. ಎರಡು ವರ್ಷದಿಂದ ಕತ್ತಿ ನಿಲೋಫರಳದು. ಆರು ಪಾರ್ಟಿನ ಆರೂ ರಾಕ್ಷಸರನ್ನು ಕಡಿದವಳು ಅವಳೇ. ಅದನ್ನು ಬಿಟ್ಟುಕೊಡಲು ಮನಸ್ಸೇ ಬರಲಿಲ್ಲ. ಅಜ್ಜ ಮೂರು ದಿನ ಮಾತಾಡದೇ ಇದ್ದದ್ದು ಯಾಕೆ ಎಂದು ಅವಳಿಗೆ ಚೆನ್ನಾಗಿಯೇ ತಿಳಿಯಿತು.

ಶುಕ್ರವಾರ ಶಾಲೆ ಬಿಟ್ಟಾಗ ಅವಳು ಶೈಲಾಳ ಪಾಟಿಚೀಲದ ಪಟ್ಟಿ ಹಿಡಿದು ನಿಲ್ಲಿಸಿದಳು. “ಇವತ್ತ ಅಂಗಡಿಗೆ ಬಾ.”

“ಬಂದು ಏನ್ ಮಾಡ್ಲಿ? ನೀ ಆಡೂದ ನೋಡ್ಲ್ಯಾ?”

“ಸ್ಕಾಲರ್‌ಶಿಪ್ಪಿಗೆ ಆಧಾರ್ ಝೆರಾಕ್ಸ್ ತರ್ರಿ ಅಂದಾರಲ್ಲ ಟೀಚರ್. ಮಾಡಸೂದಿಲ್ಲ?”

ಅದು ಹೌದಾಗಿತ್ತು. ಶೈಲಾ ಬೇರೆ ದಾರಿ ಇಲ್ಲದೆ ಬಂದಳು. ಅಕೀಲ್ ಚಾಚಾ “ಬಾರವಾ, ಭಾಳ ದೊಡ್ಡಾಕಿ ಆಗೀದಿ, ಈ ಕಡೆ ಹಾಯೂದ ಇಲ್ಲ,” ಎನ್ನುತ್ತ ಆಧಾರ್ ಕಾರ್ಡ್ ತೆಗೆದುಕೊಂಡ. ಮಶೀನ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ ಎಂದ. ಅದು ಸುಳ್ಳು. ಆಗತಾನೇ ಅದರಲ್ಲಿ ಹತ್ತು ಹಾಳೆ ತೆಗೆದಿದ್ದ.

ನಿಲೋಫರ್ ಮೂಲೆಗೆ ಹೋಗಿ ಎರಡೂ ಕುರ್ಚಿ ಎಳೆದಳು. ತಾನು ಎಡಗಡೆಯದರಲ್ಲಿ ಕೂತಳು.

“ಈ ಕಡೆ ಕುಂಡ್ರ,” ಎಂದು ಬಲಗಡೆಯ ಕುರ್ಚಿ ತೋರಿಸಿದಳು. ಮೌಸನ್ನು ಅವಳ ಮುಂದೆ ಸರಿಸಿದಳು. “ಇದನ್ನ ನೀ ಹಿಡಿ.”

ಶೈಲಾ ಮೌಸ್ ನೋಡಿದಳು, ಮುಟ್ಟಲಿಲ್ಲ. “ಇದರಾಗ ಕತ್ತಿ ಐತಿ.”

“ಗೊತ್ತೈತಿ.”

“ಕತ್ತಿ ನಿಂದಲ್ಲ?”

“ಆರ ಪಾರ್ಟ್ ನಂದಿತ್ತು.” ನಿಲೋಫರಳ ದನಿ ಸ್ವಲ್ಪ ಗಡುಸಾಗಿಯೇ ಬಂತು. ಎಷ್ಟಾದರೂ ಕೊಡುವುದು ಸುಲಭವಲ್ಲ. “ಈಗ ನೀ ಹಿಡಿ. ನಾ ನಡಸ್ತೇನಿ.”

ಶೈಲಾ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಮೌಸ್ ಹಿಡಿದಳು. ಹಿಡಿದಿದ್ದೇ ಝಾರ್ಕೋ ಆಕಾಶ ನೋಡತೊಡಗಿದ. ಆಮೇಲೆ ತನ್ನ ಬೂಟು ನೋಡಿಕೊಂಡ. ಆಮೇಲೆ ಗರ್ರನೆ ಒಂದು ಸುತ್ತು ತಿರುಗಿದ. ನಿಲೋಫರ್ ಮುಂದಿನ ಗುಂಡಿ ಒತ್ತಿದ್ದಳು. ಅವನು ನೋಡಿದ ಕಡೆಗೇ ನಡೆದು ಸೀದಾ ಬಾವಿಯೊಳಗೆ ಬಿದ್ದ.

“ನೀ ಯಾಕ ನಡಸಿದಿ?”

“ನೀ ಯಾಕ ಬಾವಿ ನೋಡಿದಿ?”

ಇಬ್ಬರೂ ನಕ್ಕರು. ವಾರದ ಮೇಲೆ ಆಗಿತ್ತು ಇಬ್ಬರೂ ಕೂಡಿ ನಕ್ಕು. ಚಾಚಾ ಕೌಂಟರಿನಿಂದ ತಿರುಗಿ ನೋಡಿ ಮತ್ತೆ ಫಾರ್ಮ್ ತುಂಬತೊಡಗಿದ.

ಎರಡನೇ ಸಲ ಗೋಡೆಗೆ ಡಿಕ್ಕಿ ಹೊಡೆದ. ಮೂರನೇ ಸಲ ಒಬ್ಬ ಮುದುಕಿಯ ಹಿಂದೆ ಹಿಂದೆ ಅವಳ ಮನೆಯವರೆಗೂ ಹೋದ. ನಾಲ್ಕನೇ ಸಲಕ್ಕೆ ಒಂದು ವಿಷಯ ನಿಲೋಫರಳಿಗೆ ಹೊಳೆಯಿತು. ಶೈಲಾ ಎತ್ತ ನೋಡುತ್ತಾಳೋ ತಾನು ಅತ್ತಲೇ ಹೋಗಬೇಕು. ಕತ್ತಿ ಒಂದೇ ಅಲ್ಲ, ದಾರಿಯೂ ಶೈಲಾಳ ಕೈಗೆ ಹೋಗಿತ್ತು. ಅರೆ, ಇದನ್ನು ನಿನ್ನೆ ಯೋಚಿಸಿಯೇ ಇರಲಿಲ್ಲ. ವಾಪಸ್ ಕೇಳೋಣವೇ ಎಂದು ಒಂದು ಕ್ಷಣ ಅನಿಸಿತು. ಕೇಳಲಿಲ್ಲ.

ಹುಲ್ಲುಗದ್ದೆ ಬಂತು. “ಇಲ್ಲೇ ನೋಡು. ಇಲ್ಲೆ ತೋಳ ಬರ್ತಾವು. ಹನ್ನೊಂದ ಸಲ ಸತ್ತೇನಿ,” ಎಂದಳು ನಿಲೋಫರ್.

“ನಿಂದ್ರು. ನಡಸಬ್ಯಾಡ.”

ಶೈಲಾ ಮೆಲ್ಲಗೆ ಮೌಸ್ ತಿರುಗಿಸುತ್ತ ಗದ್ದೆಯನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿದಳು. ನಿಲೋಫರ್ ಇಷ್ಟು ದಿನ ಆ ಗದ್ದೆಯನ್ನು ಓಡುತ್ತಲೇ ನೋಡಿದ್ದಳು. ಈಗ ನಿಂತು ನೋಡಿದರೆ ಅಲ್ಲಲ್ಲಿ ಬೆಳ್ಳಕ್ಕಿಗಳಿದ್ದವು. ಬಿಳಿಯ ಕೊರಳು ಚಾಚಿ ಹುಲ್ಲಿನ ನಡುವೆ ನಿಂತಿದ್ದವು.

“ಬೆಳ್ಳಕ್ಕಿ ಎದ್ದುವು ನೋಡಲ್ಲೆ,” ಎಂದಳು ಶೈಲಾ. ಎಡಕ್ಕೆ ನಾಲ್ಕು ಹಕ್ಕಿ ಹಾರಿದವು. “ಸುಮ್ಮ ಏಳಂಗಿಲ್ಲ ಅವು. ನಮ್ಮ ಗದ್ದ್ಯಾಗ ಹಂದಿ ಹೊಕ್ರ ಹಿಂಗ ಏಳ್ತಾವು. ಅಲ್ಲೆ ಐತಿ ತೋಳ. ಬಲಕ್ಕ ಹಕ್ಕಿ ಆರಾಮ ನಿಂತಾವು. ಬಲಕ್ಕ ನಡಿ.”

ಅವಳು ಬಲಕ್ಕೆ ತಿರುಗಿಸಿದಳು, ನಿಲೋಫರ್ ನಡೆಸಿದಳು. ಹತ್ತು ಹೆಜ್ಜೆ. ಇಪ್ಪತ್ತು ಹೆಜ್ಜೆ. ಎದುರಿಗೆ ಎರಡು ಹಕ್ಕಿ ಪಟಪಟ ಎದ್ದವು. “ನಿಂದ್ರು,” ಎಂದಳು ಶೈಲಾ. ತೋಳ ಹುಲ್ಲು ಸೀಳಿಕೊಂಡು ಬಂತು. ನಿಲೋಫರಳ ಬಲಗೈ ತಾನಾಗಿಯೇ ಮೌಸಿನತ್ತ ಹೋಗಿ ಅರ್ಧಕ್ಕೇ ನಿಂತಿತು. ಶೈಲಾ ಕ್ಲಿಕ್ ಮಾಡಿದಳು. ಆ ಹೆಬ್ಬೆರಳಿಗೆ ಹೊತ್ತು ಗೊತ್ತಿದ್ದಂತೆ ಈ ತೋರುಬೆರಳಿಗೂ ಗೊತ್ತಿತ್ತು. ಒಂದೇ ಏಟು. ತೋಳ ಓಡಿತು.

ಗದ್ದೆ ದಾಟಿತು.

“ನಮ್ಮ ಗದ್ದ್ಯಾಗಿನಕಿಂತ ಇಲ್ಲೆ ನೀರ ಜಾಸ್ತಿ ಬಿಟ್ಟಾರ,” ಎಂದಳು ಶೈಲಾ. “ಬೆಳಿ ಕೊಳೀತತಿ.” ಅವಳ ಕಿವಿ ಕೆಂಪಾಗಿತ್ತು. ಖುಷಿಯಾದರೆ ಅವಳ ಕಿವಿ ಹಾಗಾಗುತ್ತದೆ.

ಬಸ್ಸಿನ ಹಾರ್ನ್ ಕೇಳಿತು. ಶೈಲಾ ಝೆರಾಕ್ಸ್ ಹಾಳೆ ಹಿಡಿದುಕೊಂಡು ಓಡಿದಳು. ಟೆಂಪೋದ ಮಾತು ಅವಳು ಆಡಲಿಲ್ಲ. ಕೇಳಲು ನಿಲೋಫರಳಿಗೆ ಧೈರ್ಯವಾಗಲಿಲ್ಲ. ಶನಿವಾರ ಶೈಲಾ ಶಾಲೆಗೆ ಬರಲೇ ಇಲ್ಲ, ಅತ್ತೆಯ ಮನೆಯ ಸೀಮಂತಕ್ಕೆ ತಂಬೂರು ಎಂಬ ಊರಿಗೆ ಹೋಗಿದ್ದಳಂತೆ. ಭಾನುವಾರ ಇಡೀ ದಿನ ನಿಲೋಫರ್ ತೊಟ್ಟಿಲ ಕಾಲು ಒರೆಸಿ ಒರೆಸಿ ದಾದಿಯ ತಲೆ ತಿಂದಳು.

ಸೋಮವಾರ ಕ್ಲಾಸಿನಲ್ಲಿ ಗಣಿತ ಪರೀಕ್ಷೆ, ಮಧ್ಯಾಹ್ನ ಪಿ.ಟಿ. ಮಾತಾಡಲು ಬಿಡುವೇ ಸಿಗಲಿಲ್ಲ. ಸಿಕ್ಕ ಬಿಡುವಿನಲ್ಲಿ ಇಬ್ಬರೂ ಬೇರೆಯದೇ ಮಾತಾಡಿದರು. ನಾಲ್ಕೂವರೆಗೆ ಬೆಲ್ಲಾಯಿತು. ಗೇಟಿನಲ್ಲಿ ಟೆಂಪೋ ನಿಂತಿತ್ತು, ಒಳಗೆ ಜೋರಾಗಿ ಹಾಡು. ದುಮ್ಮವಾಡದ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹತ್ತುತ್ತಿದ್ದರು.

ನಿಲೋಫರ್ ಆ ಕಡೆ ನೋಡಲಿಲ್ಲ. ಬೂಟಿನ ಲೇಸು ಬಿಚ್ಚಿ ಕಟ್ಟಿದಳು. ಮತ್ತೆ ಬಿಚ್ಚಿ ಮತ್ತೆ ಕಟ್ಟಿದಳು. ಟೆಂಪೋ ಹಾರ್ನ್ ಹೊಡೆಯಿತು. ಹಾಡು ದೂರ ದೂರ ಹೋಗಿ ಮೂಲೆ ತಿರುಗಿ ನಿಂತುಹೋಯಿತು.

“ಎಷ್ಟ ಸಲ ಕಟ್ತೀಯಲೇ ಅದನ್ನ?”

ನಿಲೋಫರ್ ತಲೆ ಎತ್ತಿದಳು. ಶೈಲಾ ಎದುರಿಗೆ ನಿಂತಿದ್ದಳು.

“ಟೆಂಪೋ?”

“ಅಪ್ಪಗ ಬ್ಯಾಡ ಅಂದೆ.”

“ಬೈದ್ರಾ?”

“ಬೈದ. ಬಸ್ಸಿನ್ಯಾಗ ಅಂಥಾದ್ದೇನ ಐತಿ ಅಂದ.” ಶೈಲಾ ಚೀಲ ಹೆಗಲಿಗೇರಿಸಿದಳು. “ನಡಿ, ಹೋಗೂಣು. ಹೊತ್ತಾತು.”

ನಿಲೋಫರಳಿಗೆ ಅಳು ಬಂದಂತೆಯೂ ಆಯಿತು, ನಗು ಬಂದಂತೆಯೂ ಆಯಿತು. ಶೈಲಾಳ ಜೊತೆ ಹೆಜ್ಜೆ ಹಾಕಿದಳು.

ಅಂಗಡಿಯಲ್ಲಿ ಆಟ ಶುರುವಾಯಿತು. ಗದ್ದೆಯಾಚೆ ಒಂದು ಗುಡ್ಡವಿತ್ತು. ಗುಡ್ಡ ಹತ್ತಿದ ಮೇಲೆ ಕೆಳಗೆ ದೊಡ್ಡ ಕೆರೆ. ಶೈಲಾ ಮೌಸನ್ನು ಅತ್ತ ತಿರುಗಿಸಿ ಹಾಗೇ ಹಿಡಿದಳು. ನೀರಿನ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಅಲ್ಲಿ ತೋಳ ಇರಲಿಲ್ಲ, ಯಾರೂ ಇರಲಿಲ್ಲ. ಗೆಲ್ಲುವಂಥದ್ದು ಏನೂ ಇರಲಿಲ್ಲ. ಅವಳು ಸುಮ್ಮನೆ ನೋಡುತ್ತಿದ್ದಳು.

ಮೊದಲಾಗಿದ್ದರೆ ನಿಲೋಫರ್ ಇಷ್ಟು ಹೊತ್ತಿಗೆ ಅರ್ಧ ಗುಡ್ಡ ಇಳಿಸಿರುತ್ತಿದ್ದಳು. ಅವಳ ಬೆರಳು ಮುಂದೆ ನಡೆಸುವ ಗುಂಡಿಯ ಮೇಲೇ ಇತ್ತು. ಐದೂಕಾಲಿಗೆ ಇನ್ನು ಇಪ್ಪತ್ತು ನಿಮಿಷವಷ್ಟೇ ಉಳಿದಿತ್ತು. ಅವಳು ಒತ್ತಲಿಲ್ಲ. ಶೈಲಾ ನೋಡುತ್ತಿದ್ದ ಕಡೆ ತಾನೂ ನೋಡಿದಳು.

“ನಡಿ ಈಗ,” ಎಂದಳು ಶೈಲಾ.

ನಿಲೋಫರ್ ಗುಂಡಿ ಒತ್ತಿದಳು.